ಎದೆ ಭಾರ, ಇಸಿಜಿ ನಾರ್ಮಲ್
(ದತ್ತಿ ಉಪನ್ಯಾಸದ ಲಿಖಿತ ರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಸಾಮಾನ್ಯ ಮಾನಸಿಕ ಕಾಯಿಲೆಗಳು: ಲಕ್ಷಣ ಮತ್ತು ವಿವರಣೆ’ ಎಂದು ಅಚ್ಚು ಹಾಕಿಸಿದ್ದಾರೆ. ಮೊನ್ನೆ ಬೆಳಗಿನ ವಾಕಿಂಗಿನಲ್ಲಿ ಗೆಳೆಯರೊಬ್ಬರು ಅದನ್ನು ನೋಡಿ, ‘ಸಾಮಾನ್ಯ ಅಂದ್ರೆ ಅಂಥಾದ್ದೇನಲ್ಲ ಅಂತ ತಾನೆ? ಮತ್ತೆ ಒಂದು ಗಂಟೆ ಏನು ಮಾತಾಡ್ತೀರಿ?’ ಅಂದರು. ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ಅವರ ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸಿತು. ‘ಸಾಮಾನ್ಯ’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಎಲ್ಲ ಕಡೆ ಕಾಣಿಸುವಂಥದ್ದು ಎಂಬುದು ಒಂದು, ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲದ್ದು ಎಂಬುದು ಇನ್ನೊಂದು. ನಾನು ಹೇಳಲಿರುವ ಕಾಯಿಲೆಗಳು ಮೊದಲನೆಯ ಅರ್ಥದಲ್ಲಿ ಸಾಮಾನ್ಯ. ನಾವು ಅವನ್ನು ನಡೆಸಿಕೊಳ್ಳುತ್ತಿರುವುದು ಎರಡನೆಯ ಅರ್ಥದಲ್ಲಿ.

ನಾನು ಮನೋವೈದ್ಯನಲ್ಲ. ಮೂವತ್ತು ವರ್ಷ ತಾಲ್ಲೂಕು ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಕೂತು ಜ್ವರ, ಭೇದಿ, ಕೆಮ್ಮು, ಶುಗರು ನೋಡಿದವನು. ನನ್ನನ್ನೇ ಯಾಕೆ ಕರೆದಿರಿ ಎಂದು ಕಾರ್ಯದರ್ಶಿಗಳನ್ನು ಕೇಳಿದ್ದಕ್ಕೆ, ‘ದತ್ತಿ ಇಟ್ಟ ಮೇಷ್ಟ್ರು ಹಾಗೇ ಬರೆದಿಟ್ಟು ಹೋಗಿದ್ದಾರೆ ಸಾರ್, ಎಲ್ಲರಿಗೂ ಅರ್ಥ ಆಗೋ ಹಾಗೆ ಹೇಳೋರು ಬೇಕು ಅಂತ’ ಎಂದರು. ಈ ಕೆಲಸವನ್ನು ಕನ್ನಡದಲ್ಲಿ ನನಗಿಂತ ಎಷ್ಟೋ ಮೊದಲು, ಎಷ್ಟೋ ಚೆನ್ನಾಗಿ ಮಾಡಿದವರಿದ್ದಾರೆ. ‘ಕೊರವಂಜಿ’ ಹಾಸ್ಯ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ನಮಗೆ ನಗೆ ಬರಹಗಾರರೆಂದೇ ನೆನಪು. ಆದರೆ 1976ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಮನಮಂಥನ’ಕ್ಕೆ, ಕಾದಂಬರಿಯಲ್ಲ, ಕಾವ್ಯವಲ್ಲ, ಮನೋರೋಗಗಳನ್ನು ಕುರಿತ ಪುಸ್ತಕ ಅದು. ಆಮೇಲೆ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಸುಲಭ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಅವರು ಬರೆದದ್ದನ್ನು ನಾನು ಓದಬೇಕಾದ ಕಾಲಕ್ಕೆ ಓದಿದ್ದರೆ, ಈಗ ಹೇಳಲಿರುವ ತಪ್ಪು ಮಾಡುತ್ತಿರಲಿಲ್ಲ.

ಒಬ್ಬ ಹೆಣ್ಣುಮಗಳು ನನ್ನಲ್ಲಿಗೆ ಎರಡು ವರ್ಷ ಬರುತ್ತಿದ್ದಳು. ಊರು, ಹೆಸರು, ಗುರುತು ಸಿಗುವ ಯಾವುದನ್ನೂ ಹೇಳುವುದಿಲ್ಲ. ಸಂತೆಯ ದಿನ ಬಂದು ಚೀಟಿ ಮಾಡಿಸಿ, ಸರದಿಯಲ್ಲಿ ನಿಂತು, ಒಂದೇ ಮಾತು ಹೇಳುತ್ತಿದ್ದಳು: ‘ಮೈಯೆಲ್ಲ ನೋವು ಸಾರ್. ಎದೆ ಮೇಲೆ ಕಲ್ಲು ಹೇರಿದಂಗೆ ಆಗ್ತದೆ. ತಲೆ ಗುಂಯ್ ಅಂತದೆ.’ ಬಿ.ಪಿ. ಸರಿ ಇತ್ತು. ಇಸಿಜಿ ನಾರ್ಮಲ್. ರಕ್ತ ಸ್ವಲ್ಪ ಕಮ್ಮಿ, ಅದಕ್ಕೆ ಕಬ್ಬಿಣದ ಮಾತ್ರೆ. ಬೇಡವೆಂದರೂ ಬಿಡದೆ ಕೇಳುತ್ತಿದ್ದಳೆಂದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್. ಪ್ರತಿ ಸಲವೂ ಕೊನೆಗೆ ನನ್ನ ಆಶೀರ್ವಾದ: ‘ಏನೂ ಇಲ್ಲಮ್ಮ, ಧೈರ್ಯವಾಗಿರು.’ ಒಂದು ದಿನ ನಮ್ಮ ಸಿಸ್ಟರ್ ಇಂಜೆಕ್ಷನ್ ಕೊಡುತ್ತಾ ಸುಮ್ಮನೆ, ‘ರಾತ್ರಿ ನಿದ್ದೆ ಬರ್ತದೇನಕ್ಕಾ?’ ಎಂದು ಕೇಳಿದರು. ಅಷ್ಟೇ. ಆಕೆ ಅಲ್ಲೇ ಕುಸಿದು ಕೂತು ಅಳಲು ಶುರು ಮಾಡಿದಳು.

ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಊಟದ ರುಚಿ ಹೋಗಿತ್ತು. ಮಗಳ ತಲೆ ಬಾಚುವುದೂ ಬೆಟ್ಟ ಹತ್ತಿದ ಹಾಗಾಗುತ್ತಿತ್ತು. ತಂಗಿ ಮನೆಯ ಹಬ್ಬಕ್ಕೆ ಹೋಗಿರಲಿಲ್ಲ. ಹೋಗಲಿಲ್ಲವಲ್ಲ ಎಂಬ ಬೇಸರವೂ ಇರಲಿಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತ್ತು. ನಾನಿದ್ದು ಯಾರಿಗೇನು ಪ್ರಯೋಜನ ಎಂಬ ಯೋಚನೆ ದಿನಾ ಬರುತ್ತಿತ್ತು. ಎರಡು ವರ್ಷ ನಾನು ಇದನ್ನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ‘ಏನೂ ಇಲ್ಲ’ ಎಂದು ನಾನು ಹೇಳುತ್ತಿದ್ದದ್ದು ರಿಪೋರ್ಟಿನ ವಿಷಯ. ಅವಳ ವಿಷಯ ಅಲ್ಲ.

ಇದಕ್ಕೆ ವೈದ್ಯರು ಖಿನ್ನತೆ ಎನ್ನುತ್ತಾರೆ. ದುಃಖ ಬೇರೆ, ಖಿನ್ನತೆ ಬೇರೆ. ದುಃಖದಲ್ಲಿರುವವನು ಸಾವಿನ ಮನೆಯಲ್ಲೂ ಹಳೆಯ ಮಾತು ನೆನೆದು ಒಮ್ಮೆ ನಗುತ್ತಾನೆ, ಕಾಫಿ ಕೊಟ್ಟರೆ ಕುಡಿಯುತ್ತಾನೆ. ಖಿನ್ನತೆಯಲ್ಲಿ ಹಾಗಲ್ಲ. ಮನಸ್ಸು ಕುಗ್ಗುವುದು, ಮೊದಲು ಸಂತೋಷ ಕೊಡುತ್ತಿದ್ದದ್ದರಲ್ಲಿ ಆಸಕ್ತಿಯೇ ಸತ್ತುಹೋಗುವುದು, ಏನೂ ಮಾಡದೆಯೂ ದಣಿವಾಗುವುದು. ಇವು ಎರಡು ವಾರಕ್ಕೆ ಮೀರಿ, ದಿನದ ಹೆಚ್ಚು ಹೊತ್ತು ಇದ್ದರೆ ವೈದ್ಯರು ಕಿವಿ ನಿಮಿರಿಸಬೇಕು. ಜೊತೆಗೆ ನಿದ್ದೆ, ಹಸಿವು, ತೂಕ ಏರುಪೇರಾಗುತ್ತವೆ. ಓದಿದ್ದು ತಲೆಗೆ ಹತ್ತುವುದಿಲ್ಲ. ಇಲ್ಲದ ತಪ್ಪನ್ನು ತನ್ನ ಮೇಲೆ ಹೊರಿಸಿಕೊಳ್ಳುವುದು ಶುರುವಾಗುತ್ತದೆ. ಬೆಳಿಗ್ಗೆ ಹೆಚ್ಚು, ಸಂಜೆಗೆ ತುಸು ಹಗುರ ಎನ್ನುವವರು ಬಹಳ. ಗಂಡಸರಲ್ಲಿ ಇದು ಎಷ್ಟೋ ಸಲ ಕುಡಿತದ ಹಿಂದೆ, ಸಿಡುಕಿನ ಹಿಂದೆ ಅಡಗಿರುತ್ತದೆ. ಥೈರಾಯ್ಡ್ ಕಮ್ಮಿಯಾದರೂ, ರಕ್ತಹೀನತೆ ಇದ್ದರೂ, ಬಿ-12 ಇಳಿದರೂ ಹೀಗೇ ಕಾಣಬಹುದು, ಅದಕ್ಕೇ ರಕ್ತ ಪರೀಕ್ಷೆ ಬೇಕು. ಆದರೆ ಪರೀಕ್ಷೆ ಸರಿ ಬಂತೆಂದು ಮಾತು ಮುಗಿಸಬಾರದು.

ನನ್ನ ರೋಗಿಗಳಲ್ಲಿ ‘ನನಗೆ ಖಿನ್ನತೆಯಾಗಿದೆ’ ಎಂದು ಹೇಳಿದವರನ್ನು ನಾನು ಕಂಡಿಲ್ಲ. ಅದು ಪತ್ರಿಕೆಯ ಪದ. ಜನ ಹೇಳುವುದು ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಮೈ ಉರಿ, ಕೈಕಾಲು ಸೆಳೆತ, ಜೀವ ಝಲ್ಲೆನ್ನುವುದು, ಸುಸ್ತು, ಬೇಜಾರು. ಈ ‘ಬೇಜಾರು’ ಒಂದು ವಿಚಿತ್ರ ಪದ. ಬಸ್ಸು ತಡವಾದರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ಯಾವ ಬೇಜಾರು ಎಂದು ಇನ್ನೊಂದು ಪ್ರಶ್ನೆ ಕೇಳದವನಿಗೆ ಎರಡೂ ಒಂದೇ. ಮನಸ್ಸಿನ ಕಾಯಿಲೆ ಎಂದಕೂಡಲೇ ನಮ್ಮ ಬಾಯಿಗೆ ಬರುವ ಪದವಾದರೂ ಯಾವುದು? ಹುಚ್ಚು. ಅದು ಬೀದಿಯಲ್ಲಿ ಬಟ್ಟೆ ಹರಿದುಕೊಂಡು ತಿರುಗುವವನಿಗೆ ಮೀಸಲಿಟ್ಟ ಪದ. ಅಡುಗೆ ಮಾಡಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಆಮೇಲೆ ಗೋಡೆ ನೋಡುತ್ತಾ ಕೂರುವವಳಿಗೆ ಆ ಪದ ಒಗ್ಗುವುದಿಲ್ಲ. ಬೇರೆ ಪದ ನಮ್ಮಲ್ಲಿಲ್ಲ. ಪದವಿಲ್ಲದ ನೋವು ಮೈಗೆ ಇಳಿಯುತ್ತದೆ, ಮೈಯೇ ಅದರ ಬಾಯಾಗುತ್ತದೆ.

ಇದನ್ನು ಬಹಳ ಹಿಂದೆಯೇ, ನಮ್ಮದೇ ನಾಡಿನ ಒಂದು ಹಳ್ಳಿಯಲ್ಲಿ ಕೂತು ಅಧ್ಯಯನ ಮಾಡಿದ್ದಾರೆ. ಶಿವರಾಮ ಕಾರಂತರ ಹುಟ್ಟೂರಾದ ಕೋಟಕ್ಕೆ ಜಿ. ಮೋರಿಸ್ ಕಾರ್‌ಸ್ಟೇರ್ಸ್ ಎಂಬ ಬ್ರಿಟಿಷ್ ಮನೋವೈದ್ಯರೂ ಆರ್.ಎಲ್. ಕಪೂರ್ ಎಂಬ ನಮ್ಮವರೂ ಬಂದು, ಬ್ರಾಹ್ಮಣ, ಬಂಟ, ಮೊಗೇರ ಈ ಮೂರು ಸಮುದಾಯಗಳ ಮನೆಮನೆಗೆ ಹೋಗಿ ಜನರ ಕಷ್ಟ ಕೇಳಿದರು. ಅವರ ಪುಸ್ತಕ 1976ರಲ್ಲಿ ಹೊರಬಂತು. ಊರಲ್ಲಿ ಮೂರು ಬಗೆಯ ಪರಿಹಾರಗಾರರು ಆಗಲೇ ಇದ್ದರು: ನಾಡಿ ಹಿಡಿಯುವ ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರಿಸಿಕೊಳ್ಳುವ ಪಾತ್ರಿ. ಜನ ಒಬ್ಬರನ್ನು ನಂಬಿ ಇನ್ನೊಬ್ಬರನ್ನು ಬಿಡುವವರಾಗಿರಲಿಲ್ಲ; ಪಾತ್ರಿಯಲ್ಲಿಗೂ ಹೋಗುತ್ತಿದ್ದರು, ಡಾಕ್ಟರಲ್ಲಿಗೂ ಹೋಗುತ್ತಿದ್ದರು. ನಾವು ಡಾಕ್ಟರುಗಳು ಇದನ್ನು ಮೂಢನಂಬಿಕೆ ಎಂದು ಬೈಯುವುದಿದೆ. ಹೊಡೆಯುವ, ಬರೆ ಹಾಕುವ ಮಂತ್ರವಾದಿಯನ್ನು ಬೈಯಲೇಬೇಕು, ಪೊಲೀಸರಿಗೂ ಹೇಳಬೇಕು. ಆದರೆ ಪಾತ್ರಿ ಕೇಳುವ ಪ್ರಶ್ನೆಗಳನ್ನು ನೋಡಿ: ಮನೆಯಲ್ಲಿ ಯಾರು ಯಾರಿಗೆ ಮಾತು ಬಿಟ್ಟಿದ್ದಾರೆ, ಜಾಗದ ತಕರಾರು ಏನು, ಯಾರಿಗೆ ಕೊಟ್ಟ ಮಾತು ಬಾಕಿ ಇದೆ. ನನ್ನ ಮೂರು ನಿಮಿಷದ ಹೊರರೋಗಿ ವಿಭಾಗದಲ್ಲಿ ಅಂಥ ಒಂದು ಪ್ರಶ್ನೆಯೂ ಇರಲಿಲ್ಲ.

ಎಷ್ಟು ಜನರಿಗೆ ಇದೆ? ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸಮೀಕ್ಷೆಯ ಹೊತ್ತಿಗೆ ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. (ಆ 12ರಲ್ಲಿ ಕರ್ನಾಟಕ ಇರಲಿಲ್ಲ, ಆದರೆ ಮುಂಚಿನ ಪ್ರಾಯೋಗಿಕ ಸಮೀಕ್ಷೆ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ.) ಇವರಲ್ಲಿ ಬಹುಪಾಲು ನಾನು ಹೇಳುತ್ತಿರುವ ಸಾಮಾನ್ಯ ಕಾಯಿಲೆಗಳವರು. ಅಂಥ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವರು ಯಾವ ಡಾಕ್ಟರನ್ನೂ ನೋಡಿರಲಿಲ್ಲವೆಂದು ಇದರ ಅರ್ಥವಲ್ಲ. ನನ್ನಂಥವರಲ್ಲಿಗೆ ಬಂದು ಬಿ-ಕಾಂಪ್ಲೆಕ್ಸ್ ಚುಚ್ಚಿಸಿಕೊಂಡು ಹೋದವರೂ ಈ 85ರಲ್ಲೇ ಇರಬೇಕು.

ಈಗ ಇಸಿಜಿಗೆ ಬರೋಣ. ರಾತ್ರಿ ಹತ್ತು ಗಂಟೆಗೆ ಆಟೋದಲ್ಲಿ ಒಬ್ಬ ಹುಡುಗನನ್ನು ಕರೆತರುತ್ತಾರೆ. ಎದೆ ಡವಡವ, ಬೆವರು, ಉಸಿರು ಸಿಗುತ್ತಿಲ್ಲ, ಬೆರಳುಗಳಲ್ಲಿ ಜುಮುಜುಮು, ‘ಸತ್ತೇ ಹೋಗ್ತೀನಿ’ ಎಂಬ ಚೀರಾಟ. ಇಸಿಜಿ ತೆಗೆಯುವಷ್ಟರಲ್ಲಿ ಅರ್ಧ ಕಮ್ಮಿಯಾಗಿರುತ್ತದೆ. ಎಲ್ಲ ನಾರ್ಮಲ್ ಎಂದಾಗ ಮನೆಯವರ ಮುಖದಲ್ಲಿ ಸಮಾಧಾನಕ್ಕಿಂತ ಸಿಟ್ಟು ಹೆಚ್ಚು: ‘ನಾಟಕ ಆಡ್ತಾನೆ.’ ನಾಟಕವಲ್ಲ. ಇದು ಗಾಬರಿಯ ದಾಳಿ, ಪ್ಯಾನಿಕ್ ಅಟ್ಯಾಕ್. ಹಾವು ಕಂಡರೆ ಓಡಲು ಬೇಕಾಗುವ ಏರ್ಪಾಡನ್ನೆಲ್ಲ ಮೈ ಮಾಡಿಬಿಟ್ಟಿರುತ್ತದೆ, ಹಾವು ಮಾತ್ರ ಇರುವುದಿಲ್ಲ. ಅಡ್ರಿನಲಿನ್ ನುಗ್ಗಿ ಎದೆ ಬಡಿಯುತ್ತದೆ. ಭಯದಿಂದ ಬೇಗ ಬೇಗ ಉಸಿರೆಳೆದಾಗ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಇಳಿಯುತ್ತದೆ; ಬೆರಳಿನ ಜುಮುಜುಮು, ತಲೆ ಹಗುರಾಗುವುದು ಅದರಿಂದ. ಹುಡುಗ ಆ ಜುಮುಜುಮುವನ್ನು ಹಾರ್ಟ್ ಅಟ್ಯಾಕ್ ಎಂದು ಓದಿಕೊಳ್ಳುತ್ತಾನೆ, ಇನ್ನಷ್ಟು ಹೆದರುತ್ತಾನೆ, ಎದೆ ಇನ್ನಷ್ಟು ಬಡಿಯುತ್ತದೆ. ಕೆಲವೇ ನಿಮಿಷದಲ್ಲಿ ತುದಿ ಮುಟ್ಟಿ ತಾನಾಗಿ ಇಳಿಯುವುದು ಇದರ ಗುಣ. ಇಳಿದ ಮೇಲೆ ಉಳಿಯುವುದೇ ನಿಜವಾದ ಕಾಯಿಲೆ, ಮತ್ತೆ ಯಾವಾಗ ಬರುತ್ತದೋ ಎಂಬ ಭಯ. ಬಸ್ಸು ಹತ್ತುವುದು ನಿಲ್ಲುತ್ತದೆ, ಆಮೇಲೆ ಸಿನಿಮಾ, ಆಮೇಲೆ ಒಬ್ಬನೇ ಮನೆಯಲ್ಲಿರುವುದು. ಮೊದಲ ಸಲ ಇಸಿಜಿ ತೆಗೆಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂಬತ್ತನೆಯ ಸಲ ತೆಗೆಸುವ ಇಸಿಜಿ ಹೃದಯವನ್ನು ಪರೀಕ್ಷಿಸುವುದಿಲ್ಲ, ಭಯಕ್ಕೆ ಗೊಬ್ಬರ ಹಾಕುತ್ತದೆ.

ಇದರ ದಾಯಾದಿ ಇನ್ನೊಂದಿದೆ, ದಾಳಿ ಮಾಡದೆ ದಿನವಿಡೀ ಕೊರೆಯುವ ಆತಂಕ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅಂತ ನಮ್ಮ ಗಾದೆ. ಇವರಿಗೆ ಮನೆಯ ಹಾಸಿಗೆಯೇ ಸಂತೆ. ಮಗ ಹತ್ತು ನಿಮಿಷ ತಡವಾದರೆ ಅಪಘಾತ, ಫೋನು ರಿಂಗಾದರೆ ಸಾವಿನ ಸುದ್ದಿ. ತಿಂಗಳುಗಟ್ಟಲೆ ಹೀಗೆ ನಡೆದಾಗ ಕುತ್ತಿಗೆ ಬಿಗಿಯುತ್ತದೆ, ಹೊಟ್ಟೆ ಕೆಡುತ್ತದೆ, ಅವರು ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗುತ್ತಿರುತ್ತಾರೆ.

ಮೂರನೆಯದನ್ನು ಹೇಳಲು ನನಗೆ ಸ್ವಲ್ಪ ಸಂಕೋಚ, ಏಕೆಂದರೆ ಅದು ನಮ್ಮ ಮನೆತನಗಳಲ್ಲಿ ಮರ್ಯಾದೆಯ ವೇಷದಲ್ಲಿರುತ್ತದೆ. ಕನ್ನಡದಲ್ಲಿ ಗೀಳು ಕಾಯಿಲೆ ಎನ್ನುತ್ತಾರೆ. ಮಡಿ ಬಟ್ಟೆ ಉಟ್ಟು ಅಡುಗೆ ಮಾಡುವ ಅಜ್ಜಿಗೆ ಕಾಯಿಲೆಯಿಲ್ಲ. ಅವರ ಮಡಿಗೆ ಒಂದು ಆರಂಭ, ಒಂದು ಕೊನೆ ಇದೆ, ಮುಗಿದಾಗ ಮನಸ್ಸಿಗೆ ನೆಮ್ಮದಿ ಇದೆ. ಗೀಳಿನವರಿಗೆ ಕೊನೆಯೇ ಇಲ್ಲ. ಇನ್ನೊಂದು ಚೊಂಬು, ಮತ್ತೊಂದು ಚೊಂಬು. ಕೈ ಬಿಳಿಚಿ, ಚರ್ಮ ಒಡೆದು ರಕ್ತ ಒಸರುತ್ತದೆ. ಇದು ಅತಿಯಾಯಿತೆಂದು ಬಹುತೇಕರಿಗೆ ಗೊತ್ತು. ಗೊತ್ತಿದ್ದೂ ನಿಲ್ಲಿಸಲಾಗದಿರುವುದೇ ಸಂಕಟ. ಬೀಗ ಹಾಕಿದೆನೇ ಎಂದು ಬಸ್‌ಸ್ಟ್ಯಾಂಡಿನಿಂದ ಮೂರು ಸಲ ಮರಳುವವರು, ದೇವರ ಮುಂದೆ ನಿಂತಾಗಲೇ ಬಾಯಿಬಿಟ್ಟು ಹೇಳಲಾಗದ ಅಸಹ್ಯ ಯೋಚನೆ ಬಂದು ನಾನೆಂಥ ಪಾಪಿ ಎಂದು ಕೊರಗುವವರು, ಎಲ್ಲ ಇದೇ ಗುಂಪು. ಆ ಯೋಚನೆ ಅವರ ಆಸೆಯಲ್ಲ, ಅವರ ಭಯ. ಒಬ್ಬ ಪುರೋಹಿತರು ಹದಿನೈದು ವರ್ಷ ಇದನ್ನು ಯಾರಿಗೂ ಹೇಳದೆ ಪೂಜೆ ಮಾಡಿದ್ದರು. ಮನೆಯವರು ತಿಳಿಯಬೇಕಾದ್ದು ಇಷ್ಟು: ನೀರು ಕಾಸಿಕೊಟ್ಟು, ‘ಹೌದು, ಶುದ್ಧವಾಯಿತು’ ಎಂದು ಹತ್ತು ಸಲ ಹೇಳಿ ಸಹಕರಿಸಿದಷ್ಟೂ ಗೀಳು ಬಲಿಯುತ್ತದೆ. ಇದರ ಚಿಕಿತ್ಸೆ ಉಲ್ಟಾ. ಕೊಳೆ ಮುಟ್ಟಿಸಿ, ತೊಳೆಯದೆ ಕೂರಿಸಿ, ಆತಂಕ ಏರಿ ತಾನಾಗಿ ಇಳಿಯುವುದನ್ನು ಅವರೇ ನೋಡುವಂತೆ ಮಾಡುವುದು. ಕೇಳಲು ಕ್ರೂರ, ಆದರೆ ತಜ್ಞರು ಹಂತ ಹಂತವಾಗಿ ಮಾಡಿಸಿದಾಗ ಫಲ ಕೊಡುತ್ತದೆ.

ಇವೆಲ್ಲ ಯಾಕೆ ಬರುತ್ತವೆ? ಇದಕ್ಕೆ ಈಗ ಎಲ್ಲರ ಬಾಯಲ್ಲಿರುವ ಉತ್ತರ ‘ಸೆರೊಟೋನಿನ್ ಕಮ್ಮಿಯಾಗಿದೆ’ ಎಂಬುದು. ಈ ಉತ್ತರದ ಕಥೆಯ ಬೇರು ನಮ್ಮ ಕಾಡಿನ ಒಂದು ಗಿಡದಲ್ಲಿದೆ, ಸರ್ಪಗಂಧದಲ್ಲಿ. ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಸರ್ಪಗಂಧ ಬಿ.ಪಿ. ಇಳಿಸುತ್ತದೆಂದು ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಅದನ್ನು ತೆಗೆದುಕೊಂಡ ಬಿ.ಪಿ. ರೋಗಿಗಳಲ್ಲಿ ಕೆಲವರು ಮಂಕಾಗಿ ಖಿನ್ನರಾದರು ಎಂಬ ವರದಿಗಳು ಬಂದವು. ಪರೀಕ್ಷಿಸಿದರೆ, ರಿಸರ್ಪಿನ್ ಮೆದುಳಿನ ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಬರಿದು ಮಾಡುತ್ತಿತ್ತು. ಅದೇ ಕಾಲಕ್ಕೆ ಕ್ಷಯಕ್ಕೆಂದು ಕೊಟ್ಟ ಐಪ್ರೋನಯಜಿಡ್ ಎಂಬ ಮದ್ದು ರೋಗಿಗಳನ್ನು ವಿಚಿತ್ರವಾಗಿ ಗೆಲುವಾಗಿಸಿತು. ಅದು ಇದೇ ರಾಸಾಯನಿಕಗಳನ್ನು ಹೆಚ್ಚಿಸುವ ಮದ್ದು. ಎರಡನ್ನೂ ಕೂಡಿಸಿ, ಕಮ್ಮಿಯಾದರೆ ಖಿನ್ನತೆ, ಹೆಚ್ಚಿಸಿದರೆ ಗುಣ ಎಂದರು. ಲೆಕ್ಕ ಚೆನ್ನಾಗಿದೆ, ಆದರೆ ಕೂಡುವುದಿಲ್ಲ. ಖಿನ್ನತೆಯ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಅದು ಸೆರೊಟೋನಿನ್ ಮೇಲೆ ಕೆಲಸ ಶುರು ಮಾಡುತ್ತದೆ. ರೋಗಿಗೆ ಹಗುರೆನಿಸಲು ಎರಡರಿಂದ ನಾಲ್ಕು ವಾರ ಬೇಕು. ನಡುವೆ ಮೆದುಳಿನಲ್ಲಿ ಇನ್ನೂ ಎಷ್ಟೋ ನಡೆಯುತ್ತದೆ. ಮಾತ್ರೆ ಕೆಲಸ ಮಾಡುತ್ತದೆಂಬುದು ನಿಜ. ಕಾಯಿಲೆಯೆಂದರೆ ಇಂಧನ ಖಾಲಿಯಾದ ಬೈಕು ಎಂಬಂಥ ವಿವರಣೆಯನ್ನು ಮಾತ್ರ ನಾನು ಒಪ್ಪುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ ವಿವರಣೆ ಬೇರೆಯದು. ಲಂಡನ್ನಿನ ಕ್ಯಾಂಬರ್‌ವೆಲ್ ಎಂಬ ಬಡಾವಣೆಯ ಹೆಂಗಸರನ್ನು ಅಧ್ಯಯನ ಮಾಡಿ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ 1978ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಏಟು ಎಲ್ಲರಿಗೂ ಬೀಳುತ್ತದೆ, ಆದರೆ ಎಲ್ಲರೂ ಖಿನ್ನರಾಗುವುದಿಲ್ಲ. ಯಾರು ಬೀಳುತ್ತಾರೆ ಎಂಬುದು ಅವರ ಪ್ರಶ್ನೆ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವರು, ಮನೆ ತುಂಬ ಸಣ್ಣ ಮಕ್ಕಳಿರುವವರು, ಮನೆಯಾಚೆ ಕೆಲಸವಿಲ್ಲದವರು, ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಹತ್ತಿರದವರು ಯಾರೂ ಇಲ್ಲದವರು, ಏಟು ಬಿದ್ದಾಗ ಹೆಚ್ಚಾಗಿ ಕುಸಿದವರು ಇವರು. ಓದಿದಾಗ ಇದು ಲಂಡನ್ನೋ ನಮ್ಮ ಹೋಬಳಿಯೋ ಎನಿಸಿತು. ನಮ್ಮ ಜನಪದ ಹೆಂಗಸು ತವರು ತವರು ಎಂದು ಹಲುಬಿದ್ದರ ಹಿಂದೆ ಇದ್ದದ್ದೂ ಹೇಳಿಕೊಳ್ಳಲು ಒಬ್ಬರು ಬೇಕೆಂಬುದೇ. ಬೀಸುಕಲ್ಲಿನ ಮುಂದೆ ಹಾಡುತ್ತಿದ್ದಾಗ ಅವರಿಗೆ ಖಿನ್ನತೆಯೇ ಇರಲಿಲ್ಲ, ಮಿಲ್ಲು ಬಂದು ಕೆಟ್ಟಿತು ಎಂದು ವೇದಿಕೆಗಳ ಮೇಲೆ ಕೆಲವರು ಹೇಳುತ್ತಾರೆ. ನಾಲ್ಕು ಗಂಟೆಗೆ ಎದ್ದು ರಾಗಿ ಬೀಸಿದವಳನ್ನು ಕೇಳದೆ ಹೇಳುವ ಮಾತು ಅದು.

ವಂಶದಲ್ಲಿ ಬರುತ್ತದೆಯೇ ಎಂದು ಕೇಳುತ್ತೀರಿ, ಹೆಣ್ಣು ಕೇಳಲು ಬಂದವರು ಕೇಳಿದ ಹಾಗೆ. ಒಲವು ಬರಬಹುದು, ಕಾಯಿಲೆಯೇ ಬರಬೇಕೆಂದಿಲ್ಲ. ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬುದಕ್ಕಂತೂ ಗಾದೆಯೇ ಇದೆ: ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ. ತಮಾಷೆಗೆಂದು ಹುಟ್ಟಿದ ಗಾದೆಯನ್ನು ಚಿಕಿತ್ಸೆಯ ಚೀಟಿ ಮಾಡಿಕೊಂಡವರ ಮನೆಗಳನ್ನು ನೋಡಿದ್ದೇನೆ. ಅಲ್ಲಿ ರೋಗಿಗಳು ಒಬ್ಬರಿದ್ದವರು ಇಬ್ಬರಾದರು.

ಹೆರಿಗೆಯಾದವರ ಬಗ್ಗೆ ಒಂದು ಮಾತು. ಮಗುವಾದ ಮೂರನೆಯ, ನಾಲ್ಕನೆಯ ದಿನ ಸುಮ್ಮನೆ ಅಳು ಬರುವುದು ಬಹಳ ಮಂದಿಗೆ ಇದ್ದದ್ದೇ, ಹದಿನೈದು ದಿನದೊಳಗೆ ಹೋಗುತ್ತದೆ. ಹೋಗದೆ ಉಳಿದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ಅದು ಬಾಣಂತಿಯ ಖಿನ್ನತೆ. ನಮ್ಮವರಿಗೆ ಗೊತ್ತಿರುವುದು ಬಾಣಂತಿ ಸನ್ನಿ. ಅದು ಬೇರೆ, ಅಪರೂಪ, ತುರ್ತು; ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸನ್ನಿಗೆ ಹೆಸರಿದೆ, ಗಡಿಬಿಡಿಯೂ ಆಗುತ್ತದೆ. ಹೆಸರಿಲ್ಲದ ಖಿನ್ನತೆಯವಳಿಗೆ ಸಿಗುವುದು ‘ಎಲ್ಲರೂ ಹೆತ್ತಿಲ್ವಾ?’ ಎಂಬ ಪ್ರಶ್ನೆ.

ಚಿಕಿತ್ಸೆಗೆ ಬಂದರೆ, ಮೊದಲ ಭಯ ‘ಮಾತ್ರೆ ಚಟ ಆಗ್ತದೆ’ ಎಂಬುದು. ಎರಡು ಬಗೆಯ ಮಾತ್ರೆಗಳನ್ನು ಜನ ಒಂದೇ ಎಂದು ತಿಳಿದಿದ್ದಾರೆ. ಆಲ್‌ಪ್ರಜೋಲಂನಂಥ ನಿದ್ದೆ-ಆತಂಕದ ಮಾತ್ರೆಗಳು ಚಟವಾಗುವುದುಂಟು. ಮೆಡಿಕಲ್ ಶಾಪಿನಿಂದ ಹಳೆ ಚೀಟಿ ತೋರಿಸಿ ತಂದು ವರ್ಷಗಟ್ಟಲೆ ನುಂಗುವವರಿದ್ದಾರೆ. ಖಿನ್ನತೆ ನಿವಾರಕಗಳು ಹಾಗಲ್ಲ. ಅವುಗಳ ತೊಂದರೆ ಬೇರೆ. ಮೊದಲ ವಾರ ಹೊಟ್ಟೆ ತೊಳಸುತ್ತದೆ, ಗುಣ ಕಾಣಿಸುವುದಿಲ್ಲ, ಜನ ಬಿಟ್ಟುಬಿಡುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಕಾಯಿಲೆ ಹಗುರವಾಗಿದ್ದರೆ ಮಾತ್ರೆಯೇ ಬೇಕಿಲ್ಲ, ಆಪ್ತಸಮಾಲೋಚನೆ ಸಾಕಾಗುತ್ತದೆ. ಬೇಡವಾದದ್ದು ಒಂದೇ, ‘ಮನಸ್ಸಿದ್ದರೆ ಮಾರ್ಗ’ ಎಂಬ ಉಪದೇಶ. ಕಾಲು ಮುರಿದವನಿಗೆ ನಡಿಗೆಯ ಮಹತ್ವ ಹೇಳಿದ ಹಾಗೆ ಅದು. ಇಲ್ಲಿ ಮುರಿದಿರುವುದು ಮನಸ್ಸೇ.

ಸಾಯಬೇಕೆನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ನಾನೂ ಹೆದರುತ್ತಿದ್ದೆ. ಹಾಗಾಗುವುದಿಲ್ಲ. ಕೇಳಿದಾಗ ಜನ ಉಸಿರು ಬಿಟ್ಟು ಹೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಗಳಂತೆ ಅಲ್ಲ, ತೀವ್ರ ಒತ್ತಡದಲ್ಲಿದ್ದವರಂತೆ ನೋಡಬೇಕೆನ್ನುತ್ತದೆ. ಮೈಯ ಕಾಯಿಲೆಗೆ ವಿಮೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ಕೊಡಬೇಕೆಂದು ವಿಮಾ ಕಂಪನಿಗಳಿಗೆ ಹೇಳುತ್ತದೆ. ಪಾಲಿಸಿ ಇರುವವರು ಮನೆಗೆ ಹೋಗಿ ಸಣ್ಣಕ್ಷರ ಓದಿ ನೋಡಿ.

ಎಲ್ಲರಿಗೂ ಸಿಗುವಷ್ಟು ಮನೋವೈದ್ಯರು ನಮ್ಮಲ್ಲಿಲ್ಲ. ಅದಕ್ಕೇ 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಕಾರ್ಯಕರ್ತೆಯರಿಗೆ ಈ ಕಾಯಿಲೆಗಳನ್ನು ಗುರುತಿಸುವ ತರಬೇತಿ ಕೊಟ್ಟು ನೋಡಿದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ಸಿಸ್ಟರ್‌ಗೆ ಯಾವ ತರಬೇತಿಯೂ ಆಗಿರಲಿಲ್ಲ. ಒಂದು ಪ್ರಶ್ನೆ ಕೇಳಿದರು, ಅಷ್ಟೇ. ಆ ಹೆಣ್ಣುಮಗಳಿಗೆ ಮಾತ್ರೆ ಶುರು ಮಾಡಿ ಆರನೆಯ ವಾರಕ್ಕೆ ಎದೆಯ ಕಲ್ಲು ಇಳಿಯಿತು. ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ ಮಾತ್ರ ಆಮೇಲೂ ಕೇಳುತ್ತಿದ್ದಳು.

ಡಾಕ್ಟರಲ್ಲಿಗೆ ಹೋಗಲು ಹಿಂಜರಿಕೆಯಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂದು ಅದರ ಹೆಸರು, 2022ರ ಅಕ್ಟೋಬರ್ 10ರಂದು ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು. ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಕೋಟದ ಕಾರಂತರ ಹುಟ್ಟಿದ ದಿನವೂ ಹೌದು, ಆದ್ದರಿಂದ ಕನ್ನಡಿಗರಿಗೆ ನೆನಪಿಡುವುದು ಕಷ್ಟವಲ್ಲ.

ಈಗ ಪ್ರಶ್ನೋತ್ತರ ಎಂದು ಅಧ್ಯಕ್ಷರು ಹೇಳಲಿದ್ದಾರೆ. ಈ ವಿಷಯದ ಮೇಲೆ ಮೈಕಿನಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲವೆಂದು ನನಗೆ ಗೊತ್ತು. ಕಾಫಿ ಕೊಡುವಾಗ ನಾನು ಹಿಂದಿನ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ‘ನಮ್ಮ ಪರಿಚಯದವರೊಬ್ಬರಿಗೆ ಹೀಗಾಗ್ತದೆ’ ಎಂದೇ ಶುರು ಮಾಡಿ. ಯಾರವರು ಎಂದು ನಾನು ಕೇಳುವುದಿಲ್ಲ.